ಪಟ್ಟಣದಿಂದ ಬಂದ ಪುಟ್ಟ ನಾಯಿ

ನಮ್ಮ ಸೀಮೆಯಲ್ಲಿ ನಾಯಿ ಸಾಕುವುದು ಹೊಸ ಸಂಗತಿಯಲ್ಲ. ಹೊಲದ ಕಾವಲಿಗೆ, ಕುರಿಮಂದೆಯ ಜೊತೆಗೆ, ಕಣದಲ್ಲಿ ರಾಶಿ ಕಾಯುವವನ ಕಾಲ ಬಳಿ ಮಲಗುವುದಕ್ಕೆ ಒಂದು ನಾಯಿ ಇದ್ದೇ ಇರುತ್ತಿತ್ತು. ಕುಣಿಗಲ್ಲಿನ ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. 949-50ರಲ್ಲಿ ಒಂದು ನಾಯಿಯ ನೆನಪಿಗೆ ಕಲ್ಲು ನೆಟ್ಟು ಭೂಮಿಯನ್ನೂ ಬಿಟ್ಟರು. ಮಣಲೇರನೆಂಬ ವೀರನ ಬಳಿ ಇದ್ದ ಕಾಳಿ ಎಂಬ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈಗ ಹೇಳಹೊರಟಿರುವುದು ಕಾಳಿಯಂಥ ಬೇಟೆನಾಯಿಯ ವಿಷಯವಲ್ಲ. ಹಂದಿಯನ್ನು ಕಂಡರೆ ಮನೆಯೊಳಕ್ಕೆ ಓಡಿಬರುವ, ಬಿಳಿಯ ತುಪ್ಪುಳಿನ, ಚೂಪು ಮೂತಿಯ ಪುಟ್ಟ ನಾಯಿಯ ವಿಷಯ. ಇದು ನಮ್ಮ ಹಳ್ಳಿಗಳಿಗೆ ಬರುವ ದಾರಿ ಹೆಚ್ಚಾಗಿ ಒಂದೇ. ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಗ ಮಕ್ಕಳ ಹಟಕ್ಕೆ ಮರಿಯೊಂದನ್ನು ಕೊಳ್ಳುತ್ತಾನೆ. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋದರೆ ಮರಿ ದಿನವೆಲ್ಲ ಒಂಟಿ, ಅದು ಬೊಗಳುತ್ತದೆ, ಬಾಡಿಗೆ ಮನೆಯ ಯಜಮಾನರು ಗೊಣಗುತ್ತಾರೆ. ಯುಗಾದಿಗೋ ಗೌರಿಹಬ್ಬಕ್ಕೋ ಊರಿಗೆ ಬಂದವರು, "ಇಲ್ಲಿ ಜಾಗ ಬೇಕಾದಷ್ಟಿದೆ, ನಿಮಗೂ ಜೊತೆಯಾಗುತ್ತದೆ" ಎಂದು ಅದನ್ನು ಗುಬ್ಬಿಯ ತೋಟದ ಮನೆಯಲ್ಲೋ ಕುಣಿಗಲ್ಲಿನ ಕಡೆಯ ಹಳ್ಳಿಯಲ್ಲೋ ಬಿಟ್ಟು ಹೋಗುತ್ತಾರೆ. ನಾಯಿಯ ಹೊಣೆ ಅರುವತ್ತು ಎಪ್ಪತ್ತು ವರ್ಷದ ಅಜ್ಜ ಅಜ್ಜಿಯರದಾಗುತ್ತದೆ.

ಈ ನಾಯಿಯನ್ನು ನಮ್ಮ ಜನ 'ಪಾಮೇರಿಯನ್' ಎನ್ನುತ್ತಾರೆ. ಬಾಲ್ಟಿಕ್ ಸಮುದ್ರ ತೀರದ ಪಾಮೇರೇನಿಯ ಸೀಮೆಯ ಹೆಸರು ಹೊತ್ತ ನಿಜವಾದ ಪಾಮೇರಿಯನ್ ಎರಡು ಮೂರು ಕಿಲೋ ಮಾತ್ರ ತೂಗುವ ಅತಿ ಚಿಕ್ಕ ಪ್ರಾಣಿ. ನಮ್ಮಲ್ಲಿ ಕಾಣುವುದು ಬಹುಮಟ್ಟಿಗೆ ಇಂಡಿಯನ್ ಸ್ಪಿಟ್ಜ್. ಬ್ರಿಟಿಷರ ಕಾಲದಲ್ಲಿ ಬಂದ ಜರ್ಮನಿಯ ಸ್ಪಿಟ್ಜ್ ನಾಯಿಗಳಿಂದ ಇಲ್ಲಿಯೇ ತಲೆಮಾರುಗಳಿಂದ ಬೆಳೆದ ತಳಿ ಇದು. ಚಿಕ್ಕ ಜಾತಿಯದು ಸಾಧಾರಣವಾಗಿ ಐದರಿಂದ ಏಳು ಕಿಲೋ ತೂಗುತ್ತದೆ. 1994ರ ಹಿಂದಿ ಚಿತ್ರ 'ಹಮ್ ಆಪ್ಕೇ ಹೈ ಕೌನ್'ನಲ್ಲಿ ಟಫಿ ಎಂಬ ನಾಯಿಯಾಗಿ ಮನೆಮನೆಗೂ ಪರಿಚಯವಾದದ್ದು ಇದೇ ಜಾತಿ. ರಾಗಿ ಮುದ್ದೆ, ಮಜ್ಜಿಗೆ ಅನ್ನಕ್ಕೂ ಒಗ್ಗಿಕೊಂಡು, ಚೆನ್ನಾಗಿ ನೋಡಿಕೊಂಡರೆ ಹನ್ನೆರಡು ಹದಿನಾಲ್ಕು ವರ್ಷ ಬಾಳುವ ಬುದ್ಧಿವಂತ ನಾಯಿ. 2003ರ ಹಚ್ ಕಂಪನಿಯ ಜಾಹೀರಾತಿನಿಂದ ಹೆಸರಾದ ಚಪ್ಪಟೆ ಮುಖದ ಪಗ್ ಕೂಡ ಕೆಲವು ಮನೆಗಳಲ್ಲಿದೆ. ಅದರ ಮೂಗು ಗಿಡ್ಡವಾದುದರಿಂದ ಬಿಸಿಲಿನಲ್ಲಿ ಉಸಿರಾಟಕ್ಕೇ ಕಷ್ಟಪಡುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಬಯಲುಸೀಮೆಯ ಬೇಸಗೆಗೆ ಪಗ್ ತಕ್ಕದ್ದಲ್ಲ.

ಗುಬ್ಬಿ ಕಡೆಯ ಒಂದು ತೋಟದ ಮನೆಯಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಹೀಗೆಯೇ ಬಂದ ಪಿಂಕಿ ಎಂಬ ನಾಯಿ ಆ ಮನೆಯಲ್ಲಿತ್ತು. ಲಸಿಕೆಯ ಮಾತೆತ್ತಿದರೆ ಅಜ್ಜಿ ನಗುತ್ತಿದ್ದರು: "ಅಯ್ಯೋ ಬಿಡಪ್ಪ, ಬೆಕ್ಕಿನಷ್ಟು ಐತೆ. ಮನೆ ಬಿಟ್ಟು ಆಚೆಗೇ ಹೋಗಲ್ಲ. ಇದಕ್ಯಾಕೆ ಸೂಜಿ?" ನಾಯಿಯನ್ನು ಹಗಲೆಲ್ಲ ಜಗಲಿಯ ಕಂಬಕ್ಕೆ ಕಟ್ಟಿರುತ್ತಿದ್ದರು. ಒಂದು ಸಂಜೆ ಅದು ಉಣ್ಣುತ್ತಿದ್ದಾಗ ರಜೆಗೆ ಬಂದ ಆರು ವರ್ಷದ ಮೊಮ್ಮಗಳು ಹಿಂದಿನಿಂದ ಬಾಲ ಹಿಡಿದೆಳೆದಳು. ಪಿಂಕಿ ತಿರುಗಿ ಮುಂಗೈಗೆ ಬಾಯಿ ಹಾಕಿತು. ಎರಡು ಹಲ್ಲಿನ ಗುರುತು, ಸ್ವಲ್ಪ ರಕ್ತ. ಮನೆಯವರು ಕಾಫಿಪುಡಿ ಮೆತ್ತಿ ಬಟ್ಟೆ ಕಟ್ಟಿದರು. ಮಗುವಿನ ತಂದೆಗೆ ವಿಷಯ ತಿಳಿದು ಆಸ್ಪತ್ರೆಗೆ ಕರೆದೊಯ್ದದ್ದು ಮೂರನೆಯ ದಿನ. ಅಲ್ಲಿನ ವೈದ್ಯರು ಮೊದಲು ಕೇಳಿದ ಪ್ರಶ್ನೆ, "ನಾಯಿಗೆ ಲಸಿಕೆ ಹಾಕಿಸಿದ್ದೀರಾ?" ಎಂಬುದು. ಯಾರೂ ಉತ್ತರ ಕೊಡಲಿಲ್ಲ. ಹಿಂದಿನ ತಿಂಗಳು ಬೀದಿನಾಯಿಯೊಂದು ಅಂಗಳಕ್ಕೆ ನುಗ್ಗಿ ಪಿಂಕಿಯ ಮೇಲೆ ಬಿದ್ದದ್ದು ಆಗ ಎಲ್ಲರಿಗೂ ನೆನಪಾಯಿತು. ಮಗುವಿಗೆ ಚಿಕಿತ್ಸೆ ಶುರುವಾಯಿತು. ನಾಯಿಯ ಮೇಲೆ ಕಣ್ಣಿಡಬೇಕೆಂದರು. ಆ ಹತ್ತು ದಿನ ಅಜ್ಜಿ ಪಿಂಕಿ ನೀರು ಕುಡಿಯುತ್ತದೆಯೇ ಇಲ್ಲವೇ ಎಂದು ನೋಡುತ್ತಲೇ ಕಳೆದರು. ಪಿಂಕಿ ನೀರು ಕುಡಿಯಿತು, ಬದುಕಿತು, ಮಗುವೂ ಕ್ಷೇಮವಾಗಿದ್ದಾಳೆ.

ಈ ಘಟನೆಯಲ್ಲಿ ನಾಯಿಯದು ತಪ್ಪೇನೂ ಇರಲಿಲ್ಲ. ನಾಯಿ ಚಿಕ್ಕದೆಂದು ಅದನ್ನು ನಾಯಿಯೆಂದೇ ಎಣಿಸದಿದ್ದುದು ಮನೆಯವರ ತಪ್ಪು. ದೊಡ್ಡ ನಾಯಿಯನ್ನಾದರೆ ಎಲ್ಲರೂ ಹದ್ದಿನಲ್ಲಿಡುತ್ತಾರೆ, ಮಕ್ಕಳನ್ನು ದೂರವಿಡುತ್ತಾರೆ, ಲಸಿಕೆ ಹಾಕಿಸುತ್ತಾರೆ. ಚಿಕ್ಕದಾದರೆ ಅದು ಗುರುಗುಟ್ಟಿದರೂ ನಗು, ಹಲ್ಲು ತೋರಿಸಿದರೂ ನಗು.

ಹುಚ್ಚುನಾಯಿ ರೋಗ

ರೇಬೀಸ್ ಎಂಬ ಈ ರೋಗದ ಲಕ್ಷಣಗಳು ಮನುಷ್ಯನಲ್ಲಿ ಒಮ್ಮೆ ಕಾಣಿಸಿಕೊಂಡರೆ ಬದುಕಿಸುವುದು ಅಸಾಧ್ಯವೆಂದೇ ಹೇಳಬೇಕು. ಆದರೆ ಲಕ್ಷಣ ಕಾಣುವ ಮೊದಲೇ ಚಿಕಿತ್ಸೆ ಪಡೆದವನು ಉಳಿಯುತ್ತಾನೆ. ಫ್ರಾನ್ಸಿನ ಲೂಯಿ ಪಾಸ್ಚರನು ನಾಯಿ ಕಚ್ಚಿದ ಹುಡುಗನೊಬ್ಬನಿಗೆ 1885ರಲ್ಲಿ ಲಸಿಕೆ ಕೊಟ್ಟಂದಿನಿಂದ ಇದು ಗೊತ್ತಿರುವ ಮಾತು. ರೋಗದ ವಿಷಾಣು ನಾಯಿಯ ಜೊಲ್ಲಿನಲ್ಲಿದ್ದು, ಗಾಯದ ಮೂಲಕ ನರಗಳನ್ನು ಹಿಡಿದು ಮೆದುಳಿಗೆ ಸಾಗುತ್ತದೆ. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಅಷ್ಟರೊಳಗೆ ದೇಹಕ್ಕೆ ರಕ್ಷಣೆ ಒದಗಿಸುವುದೇ ಚಿಕಿತ್ಸೆಯ ಗುಟ್ಟು.

ಆದುದರಿಂದ ಯಾವ ನಾಯಿಯೇ ಕಚ್ಚಲಿ, ಪರಚಲಿ, ಮೊದಲು ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಹದಿನೈದು ನಿಮಿಷವೆಂದರೆ ಒಂದು ಬಿಂದಿಗೆ ಸುರಿದು ಮುಗಿಸುವುದಲ್ಲ. ಕೊಳಾಯಿಯ ಕೆಳಗೆ ಕೈಯಿಟ್ಟುಕೊಂಡು ಕುಳಿತಿರಬೇಕು. ಸುಣ್ಣ, ಅರಿಸಿನ, ಕಾಫಿಪುಡಿ, ಮೆಣಸಿನಪುಡಿ, ನಶ್ಯ, ಯಾವುದನ್ನೂ ಮೆತ್ತಕೂಡದು. ಬಿಗಿಯಾಗಿ ಕಟ್ಟಕೂಡದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಲಸಿಕೆ ಅಲ್ಲಿ ಉಚಿತ. ನಾಯಿಗೆ ಏನಾಗುತ್ತದೆಂದು ಕಾದು ನೋಡಿ ಆಮೇಲೆ ಹೋಗೋಣವೆನ್ನುವುದು ಸಲ್ಲದು. ಚಿಕಿತ್ಸೆ ಮೊದಲು ಶುರುವಾಗಲಿ. ಸಾಕುನಾಯಿ ಹತ್ತು ದಿನ ಆರೋಗ್ಯವಾಗಿಯೇ ಉಳಿದರೆ ಮುಂದಿನ ಸೂಜಿಗಳ ವಿಷಯವನ್ನು ವೈದ್ಯರು ನಿರ್ಧರಿಸುತ್ತಾರೆ.

ಹಿರಿಯರಲ್ಲಿ ಇನ್ನೂ ಹೊಟ್ಟೆಗೆ ಚುಚ್ಚುವ ಹದಿನಾಲ್ಕು ಸೂಜಿಗಳ ಭಯ ಹೋಗಿಲ್ಲ. ಅದು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ; 2005ರ ಹೊತ್ತಿಗೆ ನಮ್ಮ ದೇಶದಲ್ಲಿ ಅದರ ಬಳಕೆ ನಿಂತಿತು. ಈಗ ತೋಳಿಗೆ ಕೊಡುತ್ತಾರೆ. ಮೊದಲ ಸೂಜಿಯ ದಿನದಿಂದ ಲೆಕ್ಕ ಹಾಕಿ 3, 7, 28ನೆಯ ದಿನಗಳಲ್ಲಿ ಮತ್ತೆ ಹಾಕಿಸುವುದು ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯ ಕ್ರಮ. ಗಾಯ ಆಳವಾಗಿದ್ದರೆ ಗಾಯದ ಸುತ್ತ ಇನ್ನೊಂದು ಮದ್ದನ್ನೂ ಚುಚ್ಚುತ್ತಾರೆ; ಅದನ್ನು ಬೇಡವೆನ್ನಬಾರದು.

ನಾಯಿಗಾದರೋ, ಮೂರು ತಿಂಗಳಿಗೆ ಮೊದಲ ರೇಬೀಸ್ ಲಸಿಕೆ, ಸುಮಾರು ಒಂದು ತಿಂಗಳ ಮೇಲೆ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಪ್ರತಿ ವರ್ಷ ಸೆಪ್ಟೆಂಬರ್ 28, ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆಯ ಶಿಬಿರಗಳು ನಡೆಯುವುದುಂಟು. ರೇಬೀಸಲ್ಲದೆ ಮರಿಗಳನ್ನು ರಕ್ತಭೇದಿಯಿಂದ ಕೊಲ್ಲುವ ಪಾರ್ವೋ ಮತ್ತು ಡಿಸ್ಟೆಂಪರ್ ಎಂಬ ರೋಗಗಳಿವೆ. ಇವಕ್ಕೆ ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಲಸಿಕೆ ಶುರುಮಾಡಿ, ಮೂರು ನಾಲ್ಕು ವಾರಗಳಿಗೊಮ್ಮೆ ನಾಲ್ಕು ತಿಂಗಳಾಗುವವರೆಗೆ ಕೊಡಿಸಬೇಕು. ಇವು ಮುಗಿಯುವವರೆಗೆ ಮರಿಯನ್ನು ಬೀದಿಯಲ್ಲಿ ಬಿಡುವುದು ಒಳ್ಳೆಯದಲ್ಲ.

ಪಳಗಿಸುವ ಕ್ರಮ

ನಾಯಿಗೆ ಪಾಠ ಹೇಳುವುದೆಂದರೆ ಕೋಲು ಹಿಡಿಯುವುದೆಂದು ತಿಳಿದವರು ಬಹಳ. ಕುಣಿಗಲ್ ಕುದುರೆಗಳಿಗೆ ಹೆಸರಾದ ಊರು. ಕುದುರೆಯ ಮರಿಯ ಮುಂದೆ ಕೂಗಾಡುವವನ ಬಳಿಗೆ ಅದು ಎರಡನೆಯ ಸಲ ಬರುವುದಿಲ್ಲವೆಂದು ಕುದುರೆ ಸಾಕಿದವರು ಬಲ್ಲರು. ನಾಯಿಯೂ ಹಾಗೆಯೇ. ಹೊಡೆತ ತಿಂದ ನಾಯಿ ಏಕೆ ಹೊಡೆದರೆಂದು ತಿಳಿಯುವುದಿಲ್ಲ, ಯಾರು ಹೊಡೆದರೆಂದು ಮಾತ್ರ ತಿಳಿಯುತ್ತದೆ. ಪುಟ್ಟ ನಾಯಿ ಭಯದಿಂದ ಕಚ್ಚುವುದೇ ಹೆಚ್ಚು; ಅದರ ಕಣ್ಣಿಗೆ ನಾವೆಲ್ಲ ತೆಂಗಿನ ಮರಗಳು. ಮೇಲಿನಿಂದ ಕೈ ಚಾಚಿದರೆ ಹೆದರುತ್ತದೆ. ಕುಳಿತು, ಪಕ್ಕದಿಂದ, ಎದೆಯ ಬಳಿ ಮುಟ್ಟಬೇಕು.

ಮೊದಲನೆಯ ಪಾಠ ಮಲಮೂತ್ರದ್ದು. ಮರಿ ನಿದ್ದೆಯಿಂದ ಎದ್ದಕೂಡಲೆ, ಉಂಡ ಮೇಲೆ, ಆಡಿದ ಮೇಲೆ, ಅದಲ್ಲದೆ ಎರಡು ಗಂಟೆಗೊಮ್ಮೆ ಹೊರಗೆ ಒಂದೇ ಜಾಗಕ್ಕೆ ಒಯ್ಯಬೇಕು. ಅಲ್ಲಿ ಮುಗಿಸಿದ ಕ್ಷಣದಲ್ಲಿಯೇ "ಭೇಷ್" ಎಂದು ಒಂದು ತುಣುಕು ತಿನಿಸು ಕೊಡಬೇಕು. ಮನೆಗೆ ಬಂದು ಕೊಟ್ಟರೆ ಮನೆಗೆ ಬಂದದ್ದಕ್ಕೆ ಕೊಟ್ಟರೆಂದೇ ಅದು ತಿಳಿಯುತ್ತದೆ. ಒಳಗೆ ಹೊಲಸು ಮಾಡಿದರೆ ಮೂತಿಯನ್ನು ಅದಕ್ಕೆ ತಿಕ್ಕುವ ಪದ್ಧತಿ ಕೆಲವರಲ್ಲಿದೆ. ಇದರಿಂದ ನಾಯಿ ಕಲಿಯುವುದು ಒಂದೇ: ಯಜಮಾನರ ಕಣ್ಣಿಗೆ ಬೀಳದಂತೆ ಮಂಚದ ಕೆಳಗೆ ಮಾಡಬೇಕೆಂಬುದು. ಸುಮ್ಮನೆ ತೊಳೆದು, ವಾಸನೆ ಹೋಗುವಂತೆ ಸೋಪಿನ ನೀರಿನಿಂದ ಒರೆಸಿರಿ. ಪಟ್ಟಣದಲ್ಲಿ ಮಹಡಿಯ ಮೇಲೆ ಕಾಗದದ ಮೇಲೆ ಕಲಿತ ನಾಯಿ ಹಳ್ಳಿಯ ಮಣ್ಣನ್ನು ಕಂಡು ತಬ್ಬಿಬ್ಬಾಗುವುದುಂಟು. ಮೊದಲ ನಾಲ್ಕು ದಿನ ಅದೇ ಕಾಗದವನ್ನು ಹಿತ್ತಲಿನಲ್ಲಿ ಹಾಸಿದರೆ ಅರ್ಥಮಾಡಿಕೊಳ್ಳುತ್ತದೆ.

ಎರಡನೆಯದು ಮಾತು. ಮೊಮ್ಮಕ್ಕಳು "ಸಿಟ್, ನೋ, ಕಮ್" ಎಂದು ಕಲಿಸಿರುತ್ತಾರೆ. ಅಜ್ಜ "ಕೂತ್ಕೊ" ಎಂದರೆ ನಾಯಿ ಪಿಳಿಪಿಳಿ ನೋಡುತ್ತದೆ. "ಇದಕ್ಕೆ ಬುದ್ಧಿ ಇಲ್ಲ" ಎಂದು ಅಜ್ಜನ ತೀರ್ಮಾನ. ಬುದ್ಧಿ ಇದೆ, ಮಾತು ಬೇರೆ, ಅಷ್ಟೆ. ನಾಯಿಯನ್ನು ಬಿಟ್ಟು ಹೋಗುವವರಿಂದ ಅದಕ್ಕೆ ಗೊತ್ತಿರುವ ಮಾತುಗಳನ್ನು ಕೇಳಿ ಗೋಡೆಯ ಮೇಲೆ ಬರೆದಿಡಿ. ಮನೆಮಂದಿಯೆಲ್ಲ ಒಂದೇ ಮಾತು ಬಳಸಲಿ. ಹೊಸದಾಗಿ ಕಲಿಸುವುದಾದರೆ "ಬಾ", "ಕೂರು", "ಬಿಡು", "ಇರು" ಇಷ್ಟು ಸಾಕು. ಒಂದು ಕಾಳು ಕಡಲೆಪುರಿಯನ್ನು ಮೂಗಿನ ಮುಂದೆ ಹಿಡಿದು ನಿಧಾನವಾಗಿ ಮೇಲಕ್ಕೂ ಹಿಂದಕ್ಕೂ ಒಯ್ದರೆ ನಾಯಿ ತಲೆ ಎತ್ತಿ ತಾನಾಗಿಯೇ ಕುಳಿತುಕೊಳ್ಳುತ್ತದೆ. ಆಗ "ಕೂರು" ಎಂದು ಪುರಿ ಕೊಡಿ. ದಿನಕ್ಕೆ ಮೂರು ಸಲ, ಸಲಕ್ಕೆ ಐದೇ ನಿಮಿಷ, ವಾರದೊಳಗೆ ಕಲಿಯುತ್ತದೆ. "ಬಾ" ಎಂದು ಕರೆದು ಬಂದಮೇಲೆ ಎಂದಿಗೂ ಗದರಿಸಕೂಡದು. ಒಮ್ಮೆ ಹಾಗೆ ಮಾಡಿದರೆ, ಬಸ್ಸಿನ ಮುಂದೆ ಓಡುತ್ತಿರುವ ದಿನ ಕರೆದರೂ ಅದು ಬರುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ತಿಳಿಯದೆಯೇ ಕಲಿಸುವ ಕೆಟ್ಟ ಪಾಠವೊಂದಿದೆ: "ಛೂ" ಎಂಬುದು. ಅಂಚೆಯವನ ಮೇಲೆ, ಹಾಲಿನವನ ಮೇಲೆ, ಪಕ್ಕದ ಮನೆಯ ಹುಡುಗನ ಮೇಲೆ ತಮಾಷೆಗೆ "ಛೂ" ಬಿಡುತ್ತಾರೆ. ಪುಟ್ಟ ನಾಯಿ ಗೆಜ್ಜೆ ಅಲ್ಲಾಡಿಸುತ್ತ ಓಡುವುದನ್ನು ಕಂಡು ಎಲ್ಲರೂ ನಗುತ್ತಾರೆ. ನಾಯಿಗೆ ಆ ನಗುವೇ ಬಹುಮಾನ. ಆರು ತಿಂಗಳು ಕಳೆಯುವುದರೊಳಗೆ ಅದು ಮೀನಖಂಡಕ್ಕೆ ಬಾಯಿ ಹಾಕುವ ನಾಯಿಯಾಗುತ್ತದೆ. ಆಗ ಅದನ್ನು ಕಂಬಕ್ಕೆ ಕಟ್ಟುತ್ತಾರೆ. ಕಟ್ಟಿದ್ದರಿಂದ ಸಿಡುಕು ಇನ್ನೂ ಹೆಚ್ಚುತ್ತದೆ. ಪಿಂಕಿಯ ಕಥೆಯ ಅರ್ಧ ಇದೇ.

ಸ್ಪಿಟ್ಜ್ ಹುಟ್ಟಾ ಬೊಗಳುವ ಜಾತಿ. ಅದನ್ನು ಪೂರ್ತಿ ನಿಲ್ಲಿಸಲಾಗದು, ನಿಲ್ಲಿಸಬೇಕಾದ್ದೂ ಇಲ್ಲ. ಯಾರೋ ಬಂದಾಗ ನಾಲ್ಕು ಸಲ ಬೊಗಳಲಿ. ನೀವು ಎದ್ದು ನೋಡಿ, "ಸಾಕು" ಎಂದು ನಿಮ್ಮ ಬಳಿಗೆ ಕರೆದು, ಸುಮ್ಮನಾದ ಕ್ಷಣ ಪುರಿ ಕೊಡಿ. ನೀವೂ ಕೂಗಿದರೆ ನೀವೂ ಜೊತೆಗೆ ಬೊಗಳುತ್ತಿದ್ದೀರೆಂದು ಅದು ಭಾವಿಸುತ್ತದೆ. ದಿನಕ್ಕೆರಡು ಸಲ ಅರ್ಧ ಗಂಟೆ ಓಡಾಡಿಸಿದ ನಾಯಿ ಕಡಿಮೆ ಬೊಗಳುತ್ತದೆ. ಓಡಾಡಿಸುವಾಗ ಕೊರಳಿಗೆ ಹಗ್ಗ ಬಿಗಿಯುವುದಕ್ಕಿಂತ ಎದೆಗೆ ತೊಡಿಸುವ ಪಟ್ಟಿ ಲೇಸು; ಪುಟ್ಟ ಜಾತಿಗಳ ಉಸಿರುಕೊಳವೆ ಮೆತ್ತಗಿರುತ್ತದೆ, ಎಳೆದರೆ ಕೆಮ್ಮು ಅಂಟಿಕೊಳ್ಳುತ್ತದೆ.

ಮಕ್ಕಳಿಗೂ ಪಾಠ ಬೇಕು. ಉಣ್ಣುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿಯನ್ನು ಮುಟ್ಟಬಾರದು. ನಾಯಿ ಬಾಲ ಒಳಸೇರಿಸಿ, ಕಿವಿ ಹಿಂದಕ್ಕೆ ಒತ್ತಿ, ಮುಖ ತಿರುಗಿಸಿ, ಕಣ್ಣಂಚಿನ ಬಿಳಿ ತೋರಿಸಿದರೆ "ಬೇಡ" ಎನ್ನುತ್ತಿದೆ ಎಂದರ್ಥ. ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ, ಹೊಡೆತಕ್ಕೆ ಹೆದರಿ ಗುರುಗುಟ್ಟುವುದನ್ನು ಬಿಟ್ಟ ನಾಯಿ ಮುಂದೆ ಎಚ್ಚರಿಕೆ ಕೊಡದೆ ಕಚ್ಚುತ್ತದೆ.

ಆಹಾರ

ರಾಗಿ ಮುದ್ದೆ, ಅನ್ನ, ಮಜ್ಜಿಗೆ ಒಗ್ಗುತ್ತವೆ, ಆದರೆ ಅವಷ್ಟೇ ಸಾಲವು. ನಾಯಿಗೆ ಮಾಂಸಸತ್ವ ಬೇಕು. ಮಾಂಸ ಬೇಯಿಸದ ಮನೆಗಳಲ್ಲಿ ಬೇಯಿಸಿದ ಮೊಟ್ಟೆ ಕೊಡಬಹುದು. ಮೊಟ್ಟೆಯೂ ಒಲ್ಲದವರು ಅಂಗಡಿಯ ನಾಯಿ ಆಹಾರವನ್ನು ರಾಗಿ ಗಂಜಿಯ ಜೊತೆ ಸೇರಿಸುವುದು ಸುಲಭ. ಮರಿಗೆ ದಿನಕ್ಕೆ ನಾಲ್ಕು ಹೊತ್ತು, ಬೆಳೆದದ್ದಕ್ಕೆ ಎರಡು ಹೊತ್ತು. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು, ಅಳತೆ ಇಷ್ಟೇ. ಅಜ್ಜಿಯರ ಕೈ ಧಾರಾಳ. ಪುಟ್ಟ ನಾಯಿಗಳು ಬೊಜ್ಜು ಬಂದೇ ಮಂಡಿನೋವಿಗೆ ಬೀಳುವುದು.

ನಮ್ಮ ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತವೆ. ಇವು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಹಬ್ಬದ ಪಾಯಸವನ್ನು ನಾಯಿಗೆ ಇಡುವವರು ಇದನ್ನು ನೆನಪಿಡಬೇಕು. ಚಾಕೊಲೇಟು ವಿಷ. ಬೇಯಿಸಿದ ಕೋಳಿ ಮೂಳೆ ಸಿಗಿದು ಕರುಳಿಗೆ ಚುಚ್ಚುತ್ತದೆ. ಮನುಷ್ಯರ ಜ್ವರ, ನೋವಿನ ಮಾತ್ರೆಗಳನ್ನು ಅರ್ಧ ಮುರಿದು ಕೊಡುವುದಂತೂ ಪ್ರಾಣಕ್ಕೆ ಅಪಾಯ.

ತೋಟದ ಅಪಾಯಗಳು

ಪಟ್ಟಣದ ನಾಯಿಗೆ ತೋಟದ ಬದುಕು ತಿಳಿಯದು. ತೆಂಗು ಅಡಿಕೆಗೆ ಗೊಬ್ಬರವಾಗಿ ಹಾಕುವ ಹರಳು ಹಿಂಡಿ ಎಲ್ಲಕ್ಕಿಂತ ದೊಡ್ಡ ಅಪಾಯ. ಅದರ ವಾಸನೆ ನಾಯಿಗೆ ಬಲು ಇಷ್ಟ. ಹರಳು ಬೀಜದಲ್ಲಿರುವ ರಿಸಿನ್ ಎಂಬ ವಿಷ ಎಣ್ಣೆ ತೆಗೆದ ಮೇಲೂ ಹಿಂಡಿಯಲ್ಲಿ ಉಳಿದಿರಬಹುದು. ಸ್ವಲ್ಪ ತಿಂದರೂ ವಾಂತಿ, ರಕ್ತಭೇದಿ ಶುರುವಾಗಿ ಒಂದೆರಡು ದಿನದಲ್ಲಿ ಪುಟ್ಟ ನಾಯಿ ಸಾಯಬಹುದು. ಹಿಂಡಿಯ ಚೀಲವನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕಿ. ತೋಟಕ್ಕೆ ಹಾಕಿದಾಗ ಮಣ್ಣು ಮುಚ್ಚಿ, ಕೆಲವು ದಿನ ನಾಯಿಯನ್ನು ಅತ್ತ ಬಿಡಬೇಡಿ. ಇಲಿಪಾಷಾಣದ ವಿಷಯವೂ ಹೀಗೆಯೇ.

ಅಡಿಕೆಯ ವಿಷಯ ಒಂದು ಮಾತು. ಅದರಲ್ಲಿರುವ ಅರೆಕೊಲಿನ್ ಎಂಬ ಸತ್ವವನ್ನು ಹಿಂದೆ ಪಶುವೈದ್ಯರು ನಾಯಿಯ ಲಾಡಿಹುಳು ಹೊರಹಾಕಲು ಬಳಸುತ್ತಿದ್ದರು. ಇದನ್ನು ಕೇಳಿದವರು ಮನೆಯಲ್ಲಿಯೇ ಅಡಿಕೆ ಪುಡಿ ಕೊಡುವುದುಂಟು. ಅಳತೆ ತುಸು ತಪ್ಪಿದರೂ ಹೃದಯಕ್ಕೆ ಅಪಾಯವಾದುದರಿಂದಲೇ ವೈದ್ಯರು ಆ ಮದ್ದನ್ನು ಬಿಟ್ಟರು. ಈಗ ಅದಕ್ಕಿಂತ ನಿರಪಾಯವಾದ ಮಾತ್ರೆಗಳಿವೆ. ಮರಿಗೆ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ದೊಡ್ಡದಕ್ಕೆ ಮೂರು ತಿಂಗಳಿಗೊಮ್ಮೆ ತೂಕ ನೋಡಿ ಕೊಡಿಸಬೇಕು. ಅಡಿಕೆಯ ಹಾಳೆ ಮಾತ್ರ ನಾಯಿಗೆ ಬಲು ಉಪಯೋಗಿ. ಅದರ ಮೇಲೆ ಗೋಣಿಚೀಲ ಹಾಸಿದರೆ ತಂಪಾದ ಹಾಸಿಗೆ.

ಉಣ್ಣೆಗಳು ದನಗಳಿಗಷ್ಟೇ ಅಲ್ಲ, ನಾಯಿಗೂ ಶತ್ರು. ಉಣ್ಣೆ ಕಚ್ಚಿ ಬರುವ ಜ್ವರದಲ್ಲಿ ನಾಯಿ ಮೇವು ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಮೂಗಿನಿಂದ ರಕ್ತ ಬರುವುದೂ ಉಂಟು. ಬೇಗ ತೋರಿಸಿದರೆ ಗುಣವಾಗುತ್ತದೆ, ತಡವಾದರೆ ಇಲ್ಲ. ಸ್ಪಿಟ್ಜ್‌ನ ದಟ್ಟ ತುಪ್ಪುಳಿನಲ್ಲಿ ಉಣ್ಣೆ ಕಣ್ಣಿಗೆ ಬೀಳದು. ಕಿವಿಯೊಳಗೆ, ಬೆರಳುಗಳ ಸಂದಿನಲ್ಲಿ, ಕೊರಳ ಪಟ್ಟಿಯ ಕೆಳಗೆ ದಿನವೂ ಬೆರಳಾಡಿಸಿ ನೋಡಬೇಕು. ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಕೀಳಿರಿ, ಬೆರಳಲ್ಲಿ ಒರೆಯಬೇಡಿ. ಹಿಂದೆ ದನ ನಾಯಿಗಳಿಗೆಲ್ಲ ಗ್ಯಾಮಾಕ್ಸಿನ್ ಪುಡಿ ಎರಚುವುದಿತ್ತು. ಆ ಔಷಧಿಯನ್ನು ಸರ್ಕಾರ 1997ರಲ್ಲಿ ನಿಷೇಧಿಸಿತು. ಈಗಲೂ ಕೆಲವರು ಬೆಳೆಗೆ ಹೊಡೆಯುವ ಔಷಧಿಯನ್ನೇ ನೀರಿಗೆ ಬೆರೆಸಿ ನಾಯಿಗೆ ಸವರುತ್ತಾರೆ. ಮೈ ನೆಕ್ಕಿಕೊಂಡ ನಾಯಿ ಅದೇ ದಿನ ಸತ್ತದ್ದುಂಟು. ಪಶುವೈದ್ಯರು ಬರೆದುಕೊಟ್ಟದ್ದನ್ನೇ ಬಳಸಿರಿ.

ಬೇಸಗೆಯಲ್ಲಿ ತುಪ್ಪುಳವನ್ನು ನುಣ್ಣಗೆ ಬೋಳಿಸುವುದು ತಪ್ಪು. ಎರಡು ಪದರದ ಆ ಕೂದಲು ಬಿಸಿಲನ್ನೂ ತಡೆಯುತ್ತದೆ. ಬೋಳಿಸಿದರೆ ಮತ್ತೆ ಸರಿಯಾಗಿ ಬೆಳೆಯದೆ ಹೋಗಬಹುದು. ದಿನಬಿಟ್ಟು ದಿನ ಬಾಚಿ ಸತ್ತ ಕೂದಲು ತೆಗೆದರೆ ಸಾಕು. ಸ್ನಾನ ಎರಡು ಮೂರು ವಾರಕ್ಕೊಮ್ಮೆ. ಬಟ್ಟೆ ಸೋಪು, ಸೀಗೆಕಾಯಿ ಬೇಡ. ಮಾರ್ಚಿಯಿಂದ ಮೇವರೆಗೆ ಹಗಲು ಹೊತ್ತು ನೆರಳಿನಲ್ಲಿರಲಿ, ಮಣ್ಣಿನ ಬಾನಿಯಲ್ಲಿ ನೀರು ಸದಾ ಇರಲಿ. ನಾಯಿ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ, ಹೆಚ್ಚಾಗಿ ತೇಕಿಯೇ ಮೈ ತಣಿಸಿಕೊಳ್ಳುತ್ತದೆ; ತೇಕು ನಿಲ್ಲದೆ ನಾಲಗೆ ಕೆಂಪೇರಿ ತೂರಾಡಿದರೆ ಹೊಟ್ಟೆ, ಪಾದಗಳಿಗೆ ತಣ್ಣೀರು ಹಾಕಿ, ಗಾಳಿ ಬೀಸುತ್ತ ವೈದ್ಯರಲ್ಲಿಗೆ ಒಯ್ಯಬೇಕು.

ಹೆಣ್ಣು ನಾಯಿ ಆರು ತಿಂಗಳು ದಾಟುತ್ತಲೆ ಬೆದೆಗೆ ಬರಬಹುದು. ಪಟ್ಟಣದಿಂದ ಹಳ್ಳಿಗೆ ಬಂದು ಬಿಡುವ ನಾಯಿಗಳಲ್ಲಿ ಹೆಣ್ಣೇ ಹೆಚ್ಚೆಂದು ನನಗೆ ಕಂಡಿದೆ. ದೊಡ್ಡ ಬೀದಿನಾಯಿಯಿಂದ ಗಬ್ಬವಾದರೆ ಈ ಪುಟ್ಟ ದೇಹಕ್ಕೆ ಹೆರಿಗೆಯೇ ಕಷ್ಟ. ಮರಿಗಳನ್ನು ಕೊನೆಗೆ ಸಂತೆಯ ಬಯಲಿನಲ್ಲಿ ಬಿಟ್ಟುಬರುತ್ತಾರೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಇದೂ ಇಲ್ಲ, ಮುದಿಯಾದಾಗ ಗರ್ಭಕೋಶದಲ್ಲಿ ಕೀವು ತುಂಬುವ ರೋಗವೂ ಇಲ್ಲ. ಅಂದಹಾಗೆ ಸಾಕುಪ್ರಾಣಿಯನ್ನು ಹಸಿದು ಬಾಯಾರಿ ನರಳುವಂತೆ ಬಿಟ್ಟುಬಿಡುವುದು, ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಅದರಲ್ಲಿ ಮೊದಲ ತಪ್ಪಿಗೆ ಬರೆದಿರುವ ದಂಡ ಹತ್ತರಿಂದ ಐವತ್ತು ರೂಪಾಯಿ. ಇಷ್ಟು ಅಲ್ಪ ದಂಡಕ್ಕೆ ಯಾರೂ ಹೆದರುವುದಿಲ್ಲವೆಂಬುದು ಬೇರೆ ಮಾತು.

ಕೊನೆಯದಾಗಿ ರಾತ್ರಿಯ ವಿಷಯ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆಯ ದಾಳಿಗೆ ಮಕ್ಕಳೂ ಸೇರಿದಂತೆ ಕೆಲವರು ಬಲಿಯಾದುದನ್ನು ಯಾರೂ ಮರೆತಿಲ್ಲ. ಹಳ್ಳಿಯ ಬಳಿ ಸುಳಿಯುವ ಚಿರತೆಗೆ ನಾಯಿ ಸುಲಭದ ಬೇಟೆ. ಅಂಗಳದಲ್ಲಿ ಕಟ್ಟಿದ ಪುಟ್ಟ ನಾಯಿ ಓಡಲೂ ಆರದು. ಅದರ ಬೊಗಳೇ ಚಿರತೆಯನ್ನು ಮನೆಬಾಗಿಲಿಗೆ ಕರೆತರುತ್ತದೆ, ಆ ಬಾಗಿಲಿನಲ್ಲಿ ಮಕ್ಕಳೂ ಆಡುತ್ತಿರುತ್ತಾರೆ. ಕತ್ತಲಾಗುತ್ತಲೆ ನಾಯಿಯನ್ನು ಒಳಗೆ ಸೇರಿಸಬೇಕು. ಅನ್ನದ ಎಂಜಲನ್ನು ಅಂಗಳದಲ್ಲಿ ಚೆಲ್ಲಿದರೆ ಬೀದಿನಾಯಿಗಳು ಸೇರುತ್ತವೆ, 'ನಾಯಿ ಸೇರುವ ಕಡೆ ಚಿರತೆ' ಎಂಬುದನ್ನು ತೋಟದ ಮನೆಯವರು ಬಲ್ಲರು.

ಪಿಂಕಿ ಈಗ ಅಡಿಗೆಮನೆಯ ಬಾಗಿಲ ಒಳಗೆ ಅಡಿಕೆ ಹಾಳೆಯ ಮೇಲೆ ಮಲಗುತ್ತದೆ. ಅದರ ಲಸಿಕೆಯ ಚೀಟಿಯನ್ನು ಅಜ್ಜಿ ರೇಷನ್ ಕಾರ್ಡಿನ ಜೊತೆ ಡಬ್ಬಿಯಲ್ಲಿಟ್ಟಿದ್ದಾರೆ. ಮುಂದಿನ ಸೂಜಿ ದಸರೆಗೆ ಮುಂಚೆ.